ಟೇ ನದಿಯ ದಂಡೆಗೆ, ಗೋಣಿಚೀಲದ ಜಾಡು ಹಿಡಿದು

ಸ್ಕಾಟ್ಲೆಂಡಿಗೆ ಹೊರಟಿದ್ದೇನೆ ಎಂದರೆ ಸಾಕು, ಹೋಗಿ ಬಂದವರೆಲ್ಲ ಒಂದೇ ಪಟ್ಟಿ ಒಪ್ಪಿಸುತ್ತಾರೆ. ಎಡಿನ್‌ಬರದ ಕೋಟೆ, ಲಾಕ್ ನೆಸ್ ಸರೋವರ, ಸ್ಕೈ ದ್ವೀಪ, ದಾರಿಯಲ್ಲೊಂದು ವಿಸ್ಕಿ ಭಟ್ಟಿ. ಆ ಪಟ್ಟಿಯಲ್ಲಿ ಡಂಡೀ ಇರುವುದಿಲ್ಲ. ಎಡಿನ್‌ಬರದಲ್ಲೇ ನೆಲೆಸಿರುವ ನನ್ನ ತಂಗಿ ಕೂಡ ಆ ಊರನ್ನು ಅಬರ್ಡೀನ್ ರೈಲಿನ ಕಿಟಕಿಯಿಂದ ಮಾತ್ರ ಕಂಡವಳು. ಅಲ್ಲಿ ಒಂದು ರಾತ್ರಿ ತಂಗೋಣ ಎಂದು ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಏನಿದೆ?" ಎಂದಳು.

ಉತ್ತರ ಹೇಳುವುದೇನೋ ಸುಲಭ. ಸ್ಕಾಟ್ಲೆಂಡಿನ ನಾಲ್ಕನೆಯ ದೊಡ್ಡ ನಗರ. ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು, ಅಂದರೆ ನಮ್ಮ ಬಳ್ಳಾರಿಯ ಅರ್ಧವೂ ಇಲ್ಲ. ಟೇ ನದಿ ಸಮುದ್ರ ಸೇರುವ ಮುನ್ನ ಹಿಗ್ಗಿ ಅಳಿವೆಯಾಗುವ ಕಡೆ, ಉತ್ತರ ದಂಡೆಯಲ್ಲಿ ದಕ್ಷಿಣಕ್ಕೆ ಮುಖಮಾಡಿ ಕುಳಿತಿದೆ. ನೀರಿನಂಚಿನಲ್ಲಿ ಹೊಸ ವಸ್ತುಸಂಗ್ರಹಾಲಯ, ಅದರ ಮಗ್ಗುಲಲ್ಲಿ ದಕ್ಷಿಣ ಧ್ರುವದ ಹಿಮಕ್ಕೆ ಹೋಗಿ ಬಂದ ಹಡಗು, ಆಚೆ ಈಚೆ ಎರಡು ಉದ್ದನೆಯ ಸೇತುವೆಗಳು. ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸಿ ರೈಲು ಹತ್ತಬಹುದು. ಬಹಳ ಜನ ಮಾಡುವುದೂ ಅದನ್ನೇ.

ನನ್ನ ಆಸೆ ಅದಲ್ಲ. ನನಗೆ ಈ ಊರಿನ ಗುಂಗು ಹಿಡಿಸಿದವನು ಪ್ಯಾಟ್ರಿಕ್ ಗೆಡ್ಡೆಸ್. ನಗರ ಯೋಜನೆ ಓದಿದವರಿಗೆ ಪರಿಚಿತ ಹೆಸರು, ಉಳಿದವರಿಗೆ ಅಷ್ಟಿಲ್ಲ. 1888ರಿಂದ 1919ರವರೆಗೆ ಆತ ಡಂಡೀಯ ಯೂನಿವರ್ಸಿಟಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕ. ಆ ಹುದ್ದೆಯ ಕರಾರೇ ಮಜವಾಗಿತ್ತು: ಬೇಸಗೆಯ ಒಂದು ಅವಧಿ ಪಾಠ ಮಾಡಿದರೆ ಸಾಕು, ವರ್ಷದ ಉಳಿದ ತಿಂಗಳುಗಳು ಅವನವು. ಅಂಥ ನೌಕರಿ ನಮಗೆ ಸಿಕ್ಕಿದ್ದರೆ ನಿದ್ದೆ ಮಾಡುತ್ತಿದ್ದೆವೋ ಏನೋ, ಗೆಡ್ಡೆಸ್ ಊರೂರು ತಿರುಗಿದ. 1914ರಲ್ಲಿ ಮದ್ರಾಸ್ ಗವರ್ನರ್ ಪೆಂಟ್‌ಲ್ಯಾಂಡ್ ಕರೆದನೆಂದು ಭಾರತಕ್ಕೆ ಹೊರಟ. ಅವನ ನಗರ ಪ್ರದರ್ಶನದ ನಕಾಶೆಗಳನ್ನೂ ಚಿತ್ರಗಳನ್ನೂ ಹೊತ್ತು ಬರುತ್ತಿದ್ದ ಹಡಗನ್ನು ಜರ್ಮನ್ ಯುದ್ಧನೌಕೆ ಎಂಡೆನ್ ಮುಳುಗಿಸಿತು. ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹೊಡೆದು ಬೆಂಕಿ ಹಚ್ಚಿದ ಅದೇ ಎಂಡೆನ್. ಗೆಳೆಯರು ಹೊಸದಾಗಿ ಸಾಮಗ್ರಿ ಒಟ್ಟುಮಾಡಿ ಕಳಿಸಿಕೊಟ್ಟರು, ಪ್ರದರ್ಶನ 1915ರಲ್ಲಿ ಮದ್ರಾಸಿನಲ್ಲಿ ನಡೆದೇ ನಡೆಯಿತು. ಆಮೇಲೆ ಆತ ಮದ್ರಾಸ್ ಪ್ರಾಂತ್ಯದ ಊರುಗಳನ್ನು ಸುತ್ತಿ ವರದಿ ಬರೆದ. ಆ ಊರುಗಳಲ್ಲಿ ಬಳ್ಳಾರಿಯೂ ಒಂದು, ಆಗ ನಾವು ಮದ್ರಾಸಿಗೆ ಸೇರಿದವರು.

ಅವನ ವಾದ ಇಂದಿಗೂ ಪುರಸಭೆಗಳಿಗೆ ರುಚಿಸುವಂಥದ್ದಲ್ಲ. ಹಳೆಯ ಪೇಟೆಯ ಎದೆ ಸೀಳಿ ನೇರವಾದ ಅಗಲ ರಸ್ತೆ ತೆಗೆಯುವುದು ದುಬಾರಿಯ ಕೆಲಸ, ಬಡವರ ಪಾಲಿಗೆ ಕ್ರೂರ ಕೆಲಸ. ಅದರ ಬದಲು ಕೇರಿ ಕೇರಿ ನಡೆದು ನೋಡಿ. ಇಲ್ಲೊಂದು ಬಿದ್ದುಹೋದ ಮನೆ ತೆಗೆದರೆ ಗಾಳಿ ಬರುತ್ತದೆ, ಅಲ್ಲೊಂದು ಬಾವಿ ಉಳಿಸಿ, ಇನ್ನೊಂದು ಕಡೆ ಮರ ನೆಡಿ. ಆದಷ್ಟು ಕಡಿಮೆ ಕೊಯ್ದು ಊರನ್ನು ಗುಣಪಡಿಸುವ ಶಸ್ತ್ರಚಿಕಿತ್ಸೆ ಎಂದು ಆತ ಅದನ್ನು ಕರೆಯುತ್ತಿದ್ದ. ಮೊದಲು ಸಮೀಕ್ಷೆ, ಆಮೇಲೆ ಯೋಜನೆ. ಈ ಕ್ರಮವನ್ನು ತಿರುಗುಮುರುಗು ಮಾಡಬಾರದು.

ಚಿಕ್ಕ ಪ್ರವಾಸಕ್ಕೂ ಈ ಪದ್ಧತಿ ಹೊಂದುತ್ತದೆ ಎಂದು ನನಗೆ ಹೊಳೆದದ್ದು ಎಡಿನ್‌ಬರದಲ್ಲಿ ಅವನು ನಡೆಸುತ್ತಿದ್ದ ಔಟ್‌ಲುಕ್ ಟವರ್ ಬಗ್ಗೆ ಓದುವಾಗ. ಬಂದವರನ್ನು ಗೆಡ್ಡೆಸ್ ಮೊದಲು ಗೋಪುರದ ತುದಿಗೆ ಹತ್ತಿಸುತ್ತಿದ್ದ. ಅಲ್ಲಿ ಕತ್ತಲೆಯ ಕೋಣೆಯೊಳಗೆ ಕನ್ನಡಿ ಮತ್ತು ಮಸೂರಗಳ ಮೂಲಕ ಇಡೀ ಊರಿನ ಜೀವಂತ ಬಿಂಬ ಮೇಜಿನ ಮೇಲೆ ಮೂಡುತ್ತಿತ್ತು. ಅದನ್ನು ಕಂಡ ಮೇಲೆ ಒಂದೊಂದೇ ಅಂತಸ್ತು ಇಳಿಯಬೇಕು: ಎಡಿನ್‌ಬರ, ಸ್ಕಾಟ್ಲೆಂಡ್, ಯುರೋಪು, ಕೊನೆಗೆ ಜಗತ್ತು. ಡಂಡೀಯಲ್ಲಿ ಗೋಪುರ ಬೇಕಿಲ್ಲ, ಲಾ ಗುಡ್ಡವಿದೆ. ಊರಿನ ನಟ್ಟನಡುವೆ ಎದ್ದ, ಒಂದು ಕಾಲದ ಜ್ವಾಲಾಮುಖಿಯ ಉಳಿಕೆ. 174 ಮೀಟರ್ ಎತ್ತರ, ನೆತ್ತಿಯ ಮೇಲೆ ಮೊದಲ ಮಹಾಯುದ್ಧದಲ್ಲಿ ಸತ್ತವರ ಸ್ಮಾರಕ. ಬ್ಯಾಗನ್ನು ಹೋಟೆಲಿನಲ್ಲಿಟ್ಟು ಮೊದಲು ಅಲ್ಲಿಗೆ ಹೋಗುವುದು, ಮಿಕ್ಕದ್ದೆಲ್ಲ ಆಮೇಲೆ. ಗುಡ್ಡದ ಮೇಲಿನಿಂದ ನದಿ, ಎರಡೂ ಸೇತುವೆಗಳು, ಆಚೆ ದಂಡೆಯ ಫೈಫ್ ಹೊಲಗಳು, ವಾಯವ್ಯಕ್ಕೆ ತಿರುಗಿದರೆ ಲಾಕೀ ಕಡೆಯಲ್ಲಿ ಒಂಟಿಯಾಗಿ ನಿಂತ ದೊಡ್ಡ ಇಟ್ಟಿಗೆ ಚಿಮಣಿ. ಆ ಚಿಮಣಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎಡಿನ್‌ಬರದಿಂದ ಡಂಡೀಗೆ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಇಲ್ಲೊಂದು ಸಣ್ಣ ಸಂದಿಗ್ಧವಿದೆ, ಯಾವ ಕಡೆಯ ಕಿಟಕಿ? ಎಡಗಡೆ ಕುಳಿತರೆ ಫೋರ್ತ್ ಸೇತುವೆ ದಾಟುವಾಗ ಪಕ್ಕದ ರಸ್ತೆ ಸೇತುವೆಗಳು ಕಾಣುತ್ತವೆ. ನಾನು ಬಲಗಡೆ ಕೂರುವವನು. ಟೇ ಸೇತುವೆಗೆ ಬಂದಾಗ ಬಲಕ್ಕೆ ನೀರಿನಿಂದ ತುಸುವೇ ಮೇಲೆ ತಲೆಯೆತ್ತಿದ ಕಂಬಗಳ ಬುಡಗಳು ಸಾಲಾಗಿ ಜೊತೆಗೆ ಬರುತ್ತವೆ. ಅವು ಮೊದಲ ಸೇತುವೆಯ ಅವಶೇಷ.

ಥಾಮಸ್ ಬೌಚ್ ಕಟ್ಟಿದ ಆ ಸೇತುವೆ 1878ರಲ್ಲಿ ತೆರೆಯಿತು. ಮರುವರ್ಷ ವಿಕ್ಟೋರಿಯಾ ರಾಣಿ ಅದರ ಮೇಲೆ ಹಾದುಹೋದಳು, ಬೌಚ್‌ಗೆ ಸರ್ ಪದವಿ ಬಂತು. ಅದೇ ವರ್ಷ, 1879ರ ಡಿಸೆಂಬರ್ 28ರ ಭಾನುವಾರ ಸಂಜೆ ಬಿರುಗಾಳಿ ಎದ್ದಾಗ ನಡುವಿನ ಎತ್ತರದ ಭಾಗ ಪೂರ್ತಿಯಾಗಿ, ಮೇಲೆ ಓಡುತ್ತಿದ್ದ ರೈಲಿನ ಸಮೇತ ಹೊಳೆಗೆ ಬಿತ್ತು. ಒಬ್ಬರೂ ಬದುಕಲಿಲ್ಲ. ಸತ್ತವರು 75 ಮಂದಿ ಎಂದು ಬಹುಕಾಲ ಎಣಿಸಲಾಗಿತ್ತು. ಹೆಸರು ಖಚಿತವಾಗಿರುವವರು 59. ಗಾಳಿಯ ಒತ್ತಡಕ್ಕೆ ಲೆಕ್ಕವಿಟ್ಟಿರಲಿಲ್ಲ, ಎರಕದ ಕಬ್ಬಿಣ ಕಳಪೆಯಾಗಿತ್ತು, ನಿರ್ವಹಣೆಯೂ ಅಷ್ಟಕ್ಕಷ್ಟೆ ಎಂದು ವಿಚಾರಣೆಯಲ್ಲಿ ಹೊರಬಂತು. ಬೌಚ್ ಹತ್ತು ತಿಂಗಳೊಳಗೆ ತೀರಿಕೊಂಡ. ಇಂಜಿನ್ನನ್ನು ಮಾತ್ರ ನದಿಯಿಂದ ಎತ್ತಿ ರಿಪೇರಿ ಮಾಡಿ ಮತ್ತೆ ಓಡಿಸಿದರು, ರೈಲ್ವೆಯವರು ಅದಕ್ಕೆ ಮುಳುಗುಗಾರ ಎಂದು ಅಡ್ಡಹೆಸರಿಟ್ಟರು. ಸ್ಕಾಟ್ ಜನರ ಹಾಸ್ಯ ಇಂಥ ಕಡೆ ಕೈಬಿಡುವುದಿಲ್ಲ. 1887ರಲ್ಲಿ ಪಕ್ಕದಲ್ಲೇ ತೆರೆದ ಎರಡನೆಯ ಸೇತುವೆಯ ಮೇಲೆ ಇವತ್ತಿಗೂ ರೈಲು ಓಡುತ್ತಿದೆ. ಹಳೆಯ ಬುಡಗಳನ್ನು ಯಾರೂ ಕಿತ್ತುಹಾಕಿಲ್ಲ, ಅದು ಒಳ್ಳೆಯದೇ ಆಯಿತು.

ನಿಲ್ದಾಣದಿಂದ ಹೊರಬಿದ್ದರೆ ರಸ್ತೆಯಾಚೆ ಎದುರಿಗೇ ವಿ ಅಂಡ್ ಎ ಡಂಡೀ ಎಂಬ ಆ ಹೊಸ ವಸ್ತುಸಂಗ್ರಹಾಲಯ. ಜಪಾನಿನ ವಾಸ್ತುಶಿಲ್ಪಿ ಕೆಂಗೊ ಕುಮಾ ರೂಪಿಸಿದ ಕಟ್ಟಡ, 2018ರ ಸೆಪ್ಟೆಂಬರಿನಲ್ಲಿ ತೆರೆಯಿತು. ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಕಡಿದಾದ ಬಂಡೆಗಳು ಇದಕ್ಕೆ ಪ್ರೇರಣೆ. ಬಾಗಿದ ಗೋಡೆಗಳಿಗೆ ಅಡ್ಡಡ್ಡಲಾಗಿ ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಪಟ್ಟಿಗಳನ್ನು ಜೋಡಿಸಿದ್ದಾರೆ, ಬೆಳಕು ಬದಲಾದಂತೆ ಅವುಗಳ ನೆರಳೂ ಸರಿಯುತ್ತದಂತೆ. ಒಳಗೆ ನನಗೆ ನೋಡಲೇಬೇಕಾದದ್ದು ವಾಸ್ತುಶಿಲ್ಪಿ ಚಾರ್ಲ್ಸ್ ರೆನ್ನಿ ಮ್ಯಾಕಿಂಟಾಷ್ ಗ್ಲಾಸ್ಗೋದ ಒಂದು ಚಹಾ ಮಂದಿರಕ್ಕಾಗಿ ಮಾಡಿದ ಓಕ್ ಮರದ ಕೋಣೆ. ಬಿಚ್ಚಿ ದಶಕಗಟ್ಟಲೆ ಗೋದಾಮಿನಲ್ಲಿಟ್ಟಿದ್ದನ್ನು ಇಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಪ್ರವೇಶ ಉಚಿತ, ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್. ಕಟ್ಟಡದ ನಡುವೆ ಒಂದು ದೊಡ್ಡ ಕಮಾನಿನಂಥ ತೆರಪಿದೆ; ಊರಿನ ಕಡೆಯಿಂದ ಅದರೊಳಗೆ ಹೊಕ್ಕರೆ ನದಿ.

ಆ ತೆರಪಿಗೆ ಒಂದು ಹಿನ್ನೆಲೆಯಿದೆ. ಇದೇ ನದಿಯಂಚಿನಲ್ಲಿ ಹಿಂದೆ ಹಡಗುಕಟ್ಟೆಗಳ ಪಕ್ಕ ರಾಯಲ್ ಆರ್ಚ್ ಎಂಬ ನಿಜವಾದ ಕಲ್ಲಿನ ಕಮಾನು ನಿಂತಿತ್ತು, 1844ರಲ್ಲಿ ವಿಕ್ಟೋರಿಯಾ ಬಂದಿಳಿದ ನೆನಪಿಗೆ ಕಟ್ಟಿದ್ದು. 1964ರಲ್ಲಿ ಟೇ ರಸ್ತೆ ಸೇತುವೆಗೆ ದಾರಿ ಬೇಕೆಂದು ಅದನ್ನು ಉರುಳಿಸಿದರು. ಕಟ್ಟೆಗಳಿಗೆ ಮಣ್ಣು ತುಂಬಿದರು. ಓವರ್‌ಗೇಟ್‌ನ ಹಳೆಯ ಕೇರಿಗಳನ್ನು ಕೆಡವಿ ವ್ಯಾಪಾರ ಸಂಕೀರ್ಣ ಎಬ್ಬಿಸಿದರು. ಆಮೇಲೆ ನದಿಗೆ ಅಡ್ಡವಾಗಿ ಎದ್ದ ಕಾಂಕ್ರೀಟ್ ಕಚೇರಿ ಗೋಪುರವನ್ನು ಈ ಶತಮಾನದಲ್ಲಿ ಮತ್ತೆ ಕೆಡವಿ, ನೀರಿಗೂ ಊರಿಗೂ ಕಡಿದುಹೋದ ಸಂಬಂಧವನ್ನು ಪುನಃ ಬೆಸೆಯಲು 2001ರಿಂದ ಮೂವತ್ತು ವರ್ಷಗಳ ಯೋಜನೆ ಹಾಕಿಕೊಂಡಿದ್ದಾರೆ. ಖರ್ಚು ನೂರು ಕೋಟಿ ಪೌಂಡ್. ಮೂವತ್ತೊಂದು ವರ್ಷ ಗೆಡ್ಡೆಸ್‌ಗೆ ಸಂಬಳ ಕೊಟ್ಟ ಊರು ಅವನು ಏನು ಮಾಡಬೇಡಿ ಎಂದಿದ್ದನೋ ಅದನ್ನೇ ಮೊದಲು ಮಾಡಿತು. ಹಿತ್ತಲ ಗಿಡ ಮದ್ದಲ್ಲ. ಬಳ್ಳಾರಿಗೆ ಬಂದು ಅವನು ಹೇಳಿದ್ದನ್ನು ನಾವಾದರೂ ಕೇಳಿದೆವೇ ಎಂದು ವಿಚಾರಿಸಬೇಡಿ.

ವಸ್ತುಸಂಗ್ರಹಾಲಯದ ಪಕ್ಕದಲ್ಲಿ ಡಿಸ್ಕವರಿ. 1901ರಲ್ಲಿ ಇದೇ ಊರಿನಲ್ಲಿ ನೀರಿಗಿಳಿದ, ಧ್ರುವಯಾನಿಗಳಾದ ರಾಬರ್ಟ್ ಸ್ಕಾಟ್ ಮತ್ತು ಶ್ಯಾಕಲ್ಟನ್ ಅಂಟಾರ್ಕ್ಟಿಕಾಕ್ಕೆ ಹೋದ ಮರದ ಹಡಗು. ಎರಡು ಚಳಿಗಾಲ ಹಿಮದಲ್ಲಿ ಸಿಕ್ಕಿಕೊಂಡು 1904ರಲ್ಲಿ ಬಿಡಿಸಿಕೊಂಡು ಬಂತು. ಭೂಕಾಂತದ ಅಳತೆ ಕೆಡಬಾರದೆಂದು ಆ ಉಪಕರಣದ ಸುತ್ತ ಸುಮಾರು ಒಂಬತ್ತು ಮೀಟರ್ ಒಳಗೆ ಕಬ್ಬಿಣವೇ ಇರದಂತೆ ನೋಡಿಕೊಂಡಿದ್ದರಂತೆ. ಹಡಗು ಕಟ್ಟಲು ಡಂಡೀಯನ್ನೇ ಆರಿಸಿದ್ದೇಕೆ ಎಂಬ ಪ್ರಶ್ನೆ ನನಗೆ ಹೆಚ್ಚು ಮುಖ್ಯ. ಹಿಮಗಡ್ಡೆಗೆ ಡಿಕ್ಕಿ ಹೊಡೆದರೂ ತಾಳುವ ಮರದ ಹಡಗು ಕಟ್ಟುವ ಕಸಬು ಇಲ್ಲಿನವರಿಗೆ ಕರಗತವಾಗಿತ್ತು, ಏಕೆಂದರೆ ಇದು ತಿಮಿಂಗಿಲ ಬೇಟೆಯ ಬಂದರು. ತಿಮಿಂಗಿಲ ಏಕೆ ಬೇಕಿತ್ತು? ದೀಪಕ್ಕೆ ಎಣ್ಣೆ ಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಸೆಣಬಿಗೆ ಬೇಕಿತ್ತು.

ಇಲ್ಲಿಗೆ ನಾನು ಹೋಗಬೇಕಾದ ನಿಜವಾದ ಕಾರಣಕ್ಕೆ ಬಂದೆ. ಬಳ್ಳಾರಿಯಲ್ಲಿ ನಮ್ಮದು ಶೇಂಗಾ ದಲ್ಲಾಳಿ ಅಂಗಡಿ. ಹೊಸ ಗೋಣಿಚೀಲಗಳ ಕಟ್ಟು ಬಿಚ್ಚಿದರೆ ಸೀಮೆಎಣ್ಣೆಯನ್ನು ಹೋಲುವ ಒಂದು ಘಾಟು ಗಪ್ಪೆಂದು ಮುಖಕ್ಕೆ ಹೊಡೆಯುತ್ತಿತ್ತು. ಹಮಾಲರು ಚೀಲದ ಬಾಯಿಯನ್ನು ಮಡಚಿ, ದಬ್ಬಳಕ್ಕೆ ಹುರಿ ಪೋಣಿಸಿ, ನಾಲ್ಕು ಹೊಲಿಗೆ ಹಾಕಿ, ಎರಡು ತುದಿಗೂ ಕಿವಿಯಂತೆ ಗಂಟು ಬಿಡುತ್ತಿದ್ದರು, ಎತ್ತುವಾಗ ಹಿಡಿತಕ್ಕೆ. ನಾರಿನ ಧೂಳಿಗೆ ಮೂಗು ಕಟ್ಟಿ ಸೀನು. ಆ ಘಾಟು ಏನೆಂದು ಯಾರೂ ಕೇಳಿದವರಲ್ಲ, ಗೋಣಿಯ ವಾಸನೆಯೇ ಹಾಗೆ ಎಂದುಕೊಂಡಿದ್ದೆವು. ಸೆಣಬಿನ ನಾರು ಒರಟು, ಪೆಡಸು. ಎಣ್ಣೆ ಮತ್ತು ನೀರಿನ ಮಿಶ್ರಣ ಕುಡಿಸಿ ಮೆತ್ತಗೆ ಮಾಡದೆ ಅದನ್ನು ಯಂತ್ರದಲ್ಲಿ ನೂಲಲು ಆಗುವುದಿಲ್ಲ. ಈ ಉಪಾಯ 1830ರ ದಶಕದಲ್ಲಿ ಕೈಗೂಡಿದ್ದು ಡಂಡೀಯಲ್ಲಿ, ಆಗ ಬಳಸಿದ್ದು ತಿಮಿಂಗಿಲದ ಎಣ್ಣೆ. ಮುಂದೆ ಅದರ ಜಾಗಕ್ಕೆ ಖನಿಜ ತೈಲ ಬಂತು. ನಮ್ಮ ಅಂಗಡಿಯಲ್ಲಿ ಮೂಗಿಗೆ ಹೊಡೆಯುತ್ತಿದ್ದದ್ದು ಆ ತೈಲದ ವಾಸನೆ.

ಬಂಗಾಳದ ಗದ್ದೆಯ ನಾರು, ಆರ್ಕ್ಟಿಕ್ ಕಡಲಿನ ಎಣ್ಣೆ, ಎರಡೂ ಈ ದಂಡೆಯಲ್ಲಿ ಬಂದಿಳಿದು ಚೀಲವಾಗಿ ಲೋಕವನ್ನೆಲ್ಲ ಸುತ್ತಿದವು. ಕ್ರಿಮಿಯಾ ಯುದ್ಧದಲ್ಲಿ ರಷ್ಯಾದ ಅಗಸೆ ನಾರು ನಿಂತಾಗ ಡಂಡೀ ಪೂರ್ತಿಯಾಗಿ ಸೆಣಬಿಗೆ ವಾಲಿತು. ಅಮೆರಿಕದ ಅಂತರ್ಯುದ್ಧ ಇನ್ನಷ್ಟು ದುಡ್ಡು ಸುರಿಯಿತು. ಲಾ ಗುಡ್ಡದಿಂದ ಕಾಣುವ ಆ ಚಿಮಣಿ ಕಾಕ್ಸ್ ಸಹೋದರರ ಕ್ಯಾಂಪರ್‌ಡೌನ್ ಗಿರಣಿಯದು, 86 ಮೀಟರ್ ಎತ್ತರ, ಬಣ್ಣಬಣ್ಣದ ಇಟ್ಟಿಗೆಯಲ್ಲಿ ಇಟಲಿಯ ಚರ್ಚಿನ ಗಂಟೆಗೋಪುರದಂತೆ ಕಟ್ಟಿದ್ದು. ತನ್ನ ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡ ಸೆಣಬಿನ ಗಿರಣಿ ಅದು. ಹೊಗೆ ಬಿಡುವ ಕೊಳವೆಗೂ ಇಷ್ಟು ಶೃಂಗಾರ ಮಾಡುವಷ್ಟು ಲಾಭ ಎಲ್ಲಿಂದ ಬಂತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ. ಮಾಲೀಕರು ಹೊಗೆ ತಾಗದಂತೆ ಕಡಲ ಕಡೆಯ ಬ್ರಾಟಿ ಫೆರಿಯಲ್ಲಿ ಬಂಗಲೆ ಕಟ್ಟಿಕೊಂಡರು.

ಗಿರಣಿಯೊಳಗೆ ದುಡಿದವರಲ್ಲಿ ಹೆಂಗಸರೇ ಹೆಚ್ಚು, ಕೂಲಿ ಕಡಿಮೆ ಕೊಟ್ಟರೆ ಸಾಕಲ್ಲ. ಹುಡುಗರನ್ನು ಎಳೆಯ ವಯಸ್ಸಿನಲ್ಲಿ ತೆಗೆದುಕೊಂಡು, ಗಂಡಸಿನ ಕೂಲಿ ಕೊಡಬೇಕಾಗಿ ಬಂದಾಗ ಬಿಡಿಸುತ್ತಿದ್ದರು. ಹೀಗೆ ಹೆಂಡತಿ ಗಿರಣಿಗೆ, ಗಂಡ ಮನೆಯಲ್ಲಿ. ಅಂಥ ಗಂಡಸರಿಗೆ ಊರವರು ಕೆಟಲ್ ಕುದಿಸುವವರು ಎಂದು ಹೆಸರಿಟ್ಟಿದ್ದರು. ಮಗ್ಗಗಳ ಸದ್ದಿಗೆ ಮಾತು ಕೇಳಿಸದೆ ತುಟಿ ಓದುವುದನ್ನೂ ಕೈಸನ್ನೆಯನ್ನೂ ಕಲಿತ ಈ ಹೆಂಗಸರು ಬೀದಿಯಲ್ಲಿ ಗಟ್ಟಿ ಗಂಟಲಿನವರು. ಅವರಲ್ಲೂ ಮೇಲುಕೀಳು ಇತ್ತು: ನೇಯುವವಳು ಹ್ಯಾಟು ಕೈಗವಸು ಧರಿಸಿ ಬರುತ್ತಾಳೆ, ನೂಲುವವಳು ಶಾಲು ಹೊದ್ದು. ನೇಯುವವಳು ನೂಲುವವಳೊಡನೆ ಸೇರುವುದಿಲ್ಲ. ವಿ ಅಂಡ್ ಎ ಎದುರಿನ ಉದ್ಯಾನಕ್ಕೆ ಹೆಸರು ಕೊಟ್ಟ ಮೇರಿ ಸ್ಲೆಸರ್ ಕೂಡ ಹನ್ನೊಂದರ ವಯಸ್ಸಿಗೆ ಗಿರಣಿ ಸೇರಿದವಳು, ಆಮೇಲೆ ನೈಜೀರಿಯಾದ ಕಲಾಬಾರ್‌ನಲ್ಲಿ ಮಿಷನರಿಯಾಗಿ ಬದುಕು ಸವೆಸಿದಳು.

ಈ ಕಥೆಯ ಇನ್ನೊಂದು ತುದಿ ಹೂಗ್ಲಿ ನದಿಯ ದಂಡೆಯಲ್ಲಿದೆ. 1855ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಮೊದಲ ಸೆಣಬಿನ ಗಿರಣಿ ಶುರುವಾಯಿತು, ಯಂತ್ರ ಹೋದದ್ದು ಡಂಡೀಯಿಂದ. ಯಂತ್ರದ ಹಿಂದೆ ಮೇಸ್ತ್ರಿಗಳು, ಮ್ಯಾನೇಜರುಗಳು ಹೋದರು. ನಾರು ಬೆಳೆಯುವ ಜಾಗದಲ್ಲೇ ಗಿರಣಿ, ಅಲ್ಲಿ ಕೂಲಿ ಇನ್ನೂ ಅಗ್ಗ. ಇಪ್ಪತ್ತನೆಯ ಶತಮಾನ ಕಾಲಿಡುವ ಹೊತ್ತಿಗೆ ಹೂಗ್ಲಿ ಟೇಯನ್ನು ಮೀರಿಸಿತ್ತು. ಡಂಡೀಯ ಕೊನೆಯ ಸೆಣಬಿನ ಗಿರಣಿ 1990ರ ದಶಕದ ಕೊನೆಯಲ್ಲಿ ಬಾಗಿಲು ಹಾಕಿತು. ನಮ್ಮಲ್ಲಿ ಸೆಣಬಿನ ಚೀಲವನ್ನು ಕಡ್ಡಾಯ ಮಾಡುವ 1987ರ ಕಾನೂನಿನ ಆಸರೆಯಲ್ಲಿ ಆಹಾರಧಾನ್ಯ ಈಗಲೂ ಗೋಣಿಚೀಲ ತುಂಬುತ್ತಿದೆ.

ವರ್ಡಂಟ್ ವರ್ಕ್ಸ್ ಎಂಬ 1833ರ ಗಿರಣಿಯನ್ನು ಈಗ ಸೆಣಬಿನ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಹಳೆಯ ಯಂತ್ರಗಳನ್ನು ಓಡಿಸಿ ತೋರಿಸುತ್ತಾರೆ. ಡಿಸ್ಕವರಿಗೂ ಇದಕ್ಕೂ ಒಟ್ಟಿಗೆ ಒಂದೇ ಟಿಕೆಟ್ ಸಿಗುತ್ತದೆ, ಎರಡನ್ನೂ ನಡೆಸುವುದು ಡಂಡೀ ಹೆರಿಟೇಜ್ ಟ್ರಸ್ಟ್. ಬರುವವರು ಹಡಗಿಗೆ ಹೆಚ್ಚು ಹೊತ್ತು ಕೊಟ್ಟು ಗಿರಣಿಯನ್ನು ಕೊನೆಗೆ ತಳ್ಳುತ್ತಾರೆ. ನಾನು ಉಲ್ಟಾ ಮಾಡುತ್ತೇನೆ. ಮೊದಲ ದಿನದ ಮಧ್ಯಾಹ್ನವೆಲ್ಲ ಗಿರಣಿಗೆ ಮೀಸಲು, ಹಡಗಿಗೆ ಮರುದಿನ ಬೆಳಗ್ಗೆ ಒಂದು ಗಂಟೆಯ ಹೊತ್ತು, ವಿ ಅಂಡ್ ಎಗೆ ಮ್ಯಾಕಿಂಟಾಷ್‌ನ ಕೋಣೆ ನೋಡುವಷ್ಟು ಹೊತ್ತು. ಸ್ಕಾಟ್ ಸಾಹಸದ ಬಗ್ಗೆ ಪುಸ್ತಕಗಳ ರಾಶಿಯೇ ಇದೆ, ಬಳ್ಳಾರಿಯಲ್ಲೇ ಕುಳಿತು ಓದಬಹುದು.

ಬಿಟ್ಟದ್ದೂ ಬಹಳವಿದೆ. ಅರ್ಧ ಗಂಟೆಯ ದೂರದಲ್ಲಿ ಗಾಲ್ಫಿನ ಕಾಶಿ ಸೇಂಟ್ ಆಂಡ್ರೂಸ್, ಬೇಡ. ಬ್ರಾಟಿ ಫೆರಿಯ ಕೋಟೆಯೂ ಬೇಡ, ಬಂಗಲೆಗಳನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವುದು ಅನಗತ್ಯ. ತಂಗಿಯ ಮಗನಿಗಾಗಿ ಹೈ ಸ್ಟ್ರೀಟಿನಲ್ಲಿರುವ, ಡೆಸ್ಪರೇಟ್ ಡ್ಯಾನ್ ಎಂಬ ಚಿತ್ರಕಥೆಯ ನಾಯಕನ ಪ್ರತಿಮೆಯ ಎದುರು ಒಂದು ಫೋಟೊ. ಬೀನೋ ಮತ್ತು ಡ್ಯಾಂಡಿ ಮಕ್ಕಳ ಪತ್ರಿಕೆಗಳು ಈ ಊರಿನವು. ಹುಡುಗನಿಗೆ ಅದಕ್ಕಿಂತ ದೊಡ್ಡ ವಿಷಯ ಗ್ರ್ಯಾಂಡ್ ಥೆಫ್ಟ್ ಆಟೊ ಎಂಬ ವಿಡಿಯೊ ಆಟ ಇಲ್ಲಿನ ಒಂದು ಸಣ್ಣ ಕಂಪನಿಯಲ್ಲಿ 1997ರಲ್ಲಿ ಹುಟ್ಟಿತೆನ್ನುವುದು. ಊಟದ ಚಿಂತೆ ಸಸ್ಯಾಹಾರಿಗಳಿಗೆ ಇದ್ದದ್ದೇ. ಇಲ್ಲಿನ ಹೆಮ್ಮೆಯ ಬ್ರೈಡಿ ಮಾಂಸ ತುಂಬಿದ ಕಡುಬು, ಕೈಗೆ ಸಿಗುವುದು ಬಾದಾಮಿ ಹೊದಿಸಿದ ಡಂಡೀ ಕೇಕು, ಮೊಟ್ಟೆ ನಡೆಯುವುದಾದರೆ.

ಯಾವ ತಿಂಗಳು ಎನ್ನುವುದರಲ್ಲಿ ಚರ್ಚೆಗೆ ಆಸ್ಪದವಿಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೆ ಸೂರ್ಯ ಮುಳುಗುವ ಊರು ಅದು. ಮೇ ಮಧ್ಯಕ್ಕೆ ಹೋದರೆ ರಾತ್ರಿ ಒಂಬತ್ತರವರೆಗೂ ಬೆಳಕು, ಅಂದರೆ ಒಂದೇ ದಿನದಲ್ಲಿ ಎರಡು ಸಂಜೆ ಸಿಕ್ಕಂತೆ. ಎರಡನೆಯ ದಿನದ ಆ ಸಂಜೆಯನ್ನು ಟೇ ರಸ್ತೆ ಸೇತುವೆಗೆ ಇಟ್ಟಿದ್ದೇನೆ. 1966ರಲ್ಲಿ ತೆರೆದ, ರಾಯಲ್ ಆರ್ಚನ್ನು ಬಲಿ ತೆಗೆದುಕೊಂಡ ಅದೇ ಸೇತುವೆ. ಅದರ ಮೇಲೆ ನನಗೆ ಸ್ವಲ್ಪ ಮುನಿಸಿದೆ. ಆದರೂ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚಿನ ಆ ಸೇತುವೆಯ ನಡುವೆ, ವಾಹನಗಳ ಎರಡು ಸಾಲುಗಳ ಮಧ್ಯೆ, ಕಾಲ್ನಡಿಗೆಯ ದಾರಿಯಿದೆ. ಡಂಡೀ ತುದಿಯಲ್ಲಿ ಲಿಫ್ಟ್ ಹತ್ತಿ ಅಲ್ಲಿಗೆ ಏರಬೇಕು. ಆಚೆ ದಂಡೆಯ ನ್ಯೂಪೋರ್ಟ್ ತಲುಪಿ ತಿರುಗಿ ನಿಂತರೆ ಗುಡ್ಡ, ಚಿಮಣಿ, ಹಡಗಿನ ಮೂರು ಪಟಕಂಬ, ಕುಮಾನ ಕಟ್ಟಡ ಎಲ್ಲ ಒಂದೇ ನೋಟಕ್ಕೆ. ವಾಪಸು ಬಸ್ಸಿದೆ.

ಗಾಳಿ ಜೋರಾದರೆ ಆ ದಾರಿ ಮುಚ್ಚುತ್ತಾರೆ. ಈ ನದಿಯ ಮೇಲೆ ಗಾಳಿಯನ್ನು ಲಘುವಾಗಿ ಕಾಣುವವರು ಈಗ ಯಾರೂ ಇಲ್ಲ. ಹಾಗಾದರೆ ಬದಲಿ ವ್ಯವಸ್ಥೆ ಮ್ಯಾಕ್‌ಮ್ಯಾನಸ್ ವಸ್ತುಸಂಗ್ರಹಾಲಯ, ಆದರೆ ಅದು ಸಂಜೆ ಬೇಗ ಮುಚ್ಚುವುದರಿಂದ ಹವಾಮಾನದ ವರದಿಯನ್ನು ಮಧ್ಯಾಹ್ನವೇ ನೋಡಿಕೊಂಡು ತೀರ್ಮಾನಿಸಬೇಕು. ಅಲ್ಲಿ 1883ರ ಕೊನೆಯಲ್ಲಿ ದಾರಿ ತಪ್ಪಿ ಟೇ ಅಳಿವೆಗೆ ಬಂದ ಒಂದು ತಿಮಿಂಗಿಲದ ಅಸ್ಥಿಪಂಜರವನ್ನು ತೂಗುಹಾಕಿದ್ದಾರೆ. ಬೇಟೆಗಾರರ ಊರಿಗೇ ಹುಡುಕಿಕೊಂಡು ಬಂದ ಆ ಪ್ರಾಣಿಯನ್ನು ಅವರು ಬಿಟ್ಟಾರೆಯೇ, ಈಟಿ ಎಸೆದು ಬೆನ್ನಟ್ಟಿದರು, ಸತ್ತ ಮೇಲೆ ಒಬ್ಬ ವ್ಯಾಪಾರಿ ಕೊಂಡು ಊರೂರು ಮೆರೆಸಿ ಕಾಸು ಮಾಡಿದ. ಪ್ರವೇಶಕ್ಕೆ ಟಿಕೆಟ್ ಇಲ್ಲ.